ಭಾಗ್ಯನಗರದ ಕೂದಲು

ಭಾಗ್ಯನಗರ ಎಂಬ ಹೆಸರಿನ ಎರಡು ಊರುಗಳು ನನ್ನ ಪಾಲಿಗೆ ಬಂದಿವೆ. ಒಂದು, ಕೊಪ್ಪಳಕ್ಕೆ ಅಂಟಿಕೊಂಡಂತೆಯೇ ಇರುವ ಸಣ್ಣ ಪಟ್ಟಣ. ಅದು ನನ್ನ ತವರು. ಇನ್ನೊಂದು, 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾಹ್ ಕಟ್ಟಿಸಿದ ಹೈದರಾಬಾದು. ಇದನ್ನೂ ಬಹಳ ಮಂದಿ ಭಾಗ್ಯನಗರ ಅಂತಲೇ ಕರೆಯುತ್ತಾರೆ. 1993ರಲ್ಲಿ ಮದುವೆಯಾಗಿ ನಾನು ಇಲ್ಲಿಗೆ ಬಂದಾಗ, "ಭಾಗ್ಯನಗರದ ಹುಡುಗಿನ್ನ ಭಾಗ್ಯನಗರಕ್ಕ ಕೊಟ್ರು, ದೂರೇನಾತು ಬಿಡ್ರಿ" ಅಂತ ನಮ್ಮ ಓಣಿಯ ಹಿರಿಯರು ನಗೆಯಾಡಿದ್ದರು. ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಕೊಪ್ಪಳ ಸಾಲಾರ್ ಜಂಗರ ಜಾಗೀರಾಗಿತ್ತು. 1956ರ ನವೆಂಬರ್ 1ರವರೆಗೂ ನಾವು ಹೈದರಾಬಾದು ರಾಜ್ಯದವರೇ. ನಮ್ಮ ಅಜ್ಜ ಜಮೀನಿನ ಖಟ್ಲೆಗೆ ಬರುತ್ತಿದ್ದುದು ಈ ಊರಿಗೇ. ಹಾಗಾಗಿ ಇಲ್ಲಿ ನಾನು ಪರಊರಿನವಳೋ, ಹಳೆಯ ರಾಜಧಾನಿಗೆ ತಡವಾಗಿ ಬಂದವಳೋ ಎನ್ನುವುದು ಮೂವತ್ತು ವರ್ಷ ಕಳೆದರೂ ತೀರ್ಮಾನವಾಗಿಲ್ಲ.

ಈ ಎರಡೂ ಭಾಗ್ಯನಗರಗಳ ನಡುವೆ ನನಗೆ ಕಂಡ ಒಂದು ಎಳೆ ಇದೆ. ಅದು ಕೂದಲಿನ ಎಳೆ. ನನ್ನದು ಗುಂಗುರು ಕೂದಲು. ಅವ್ವನದೂ ಅದೇ, ಮಗಳದೂ ಅದೇ. ತವರಿನ ಊರು ಕೂದಲಿನ ವ್ಯಾಪಾರದಿಂದ ಬದುಕುವ ಊರು, ಬಂದು ಸೇರಿದ ಊರು ಗಲ್ಲಿಗೊಂದು ಬ್ಯೂಟಿ ಪಾರ್ಲರ್ ಇರುವ ಊರು. ಹೀಗಿದ್ದ ಮೇಲೆ ಕೂದಲಿನ ವಿಚಾರ ತಲೆಯ ಮೇಲಷ್ಟೇ ಅಲ್ಲ, ತಲೆಯ ಒಳಗೂ ಹೊಕ್ಕಿತು ಅನ್ನಿ.

ನಮ್ಮ ಭಾಗ್ಯನಗರ ಮೂಲತಃ ನೇಕಾರರ ಊರು. ಮಗ್ಗದ ಸಪ್ಪಳದ ಜೊತೆಗೇ ಕೂದಲಿನ ಉದ್ಯೋಗವೂ ಬೆಳೆಯಿತು. ನಮ್ಮ ಕಡೆಯ ಹೆಂಗಸರು ತಲೆ ಬಾಚಿದ ಮೇಲೆ ಹಣಿಗೆಗೆ ಬಂದ ಕೂದಲನ್ನು ಎಸೆಯುವುದಿಲ್ಲ. ಉಂಡಿ ಮಾಡಿ ಗೋಡೆಯ ಗೂಡಿನಲ್ಲಿ ಇಡುತ್ತಾರೆ. ವಾರಕ್ಕೋ ತಿಂಗಳಿಗೋ ಕೂದಲಿನವರು ಓಣಿಯಲ್ಲಿ ಕೂಗುತ್ತ ಬರುತ್ತಾರೆ. ಉಂಡಿ ಕೊಟ್ಟರೆ ಬದಲಿಗೆ ಸೂಜಿ, ಪಿನ್ನು, ಮಕ್ಕಳಿಗೆ ಪುಗ್ಗಿ, ಹೆಚ್ಚು ಕೂದಲಿದ್ದರೆ ಸ್ಟೀಲಿನ ಡಬ್ಬಿ. ಹೀಗೆ ಮನೆಮನೆಯಿಂದ, ಬೇರೆ ಬೇರೆ ರಾಜ್ಯಗಳಿಂದ ಕೂಡಿಬಿದ್ದ ಕೂದಲು ಮೂಟೆ ಮೂಟೆಯಾಗಿ ಭಾಗ್ಯನಗರಕ್ಕೆ ಬಂದು ಬೀಳುತ್ತದೆ. ಇಲ್ಲಿನ ಹೆಂಗಸರು ಪಡಸಾಲೆಯಲ್ಲಿ ಕುಳಿತು ಅದರ ಸಿಕ್ಕು ಬಿಡಿಸುತ್ತಾರೆ. ಬಿಳಿ ಕೂದಲು ಬೇರೆ, ಕರಿ ಬೇರೆ ಮಾಡುತ್ತಾರೆ. ಮೊಳೆ ಹೊಡೆದ ಹಲಗೆಯ ಮೇಲೆ ಎಳೆದೆಳೆದು ಬಾಚಿ, ಇಂಚಿನ ಲೆಕ್ಕದಲ್ಲಿ ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಉದ್ದ ಹೆಚ್ಚಿದಷ್ಟೂ ಬೆಲೆ ಹೆಚ್ಚು.

ಕೂದಲಿನ ವ್ಯಾಪಾರದಲ್ಲಿ ಎರಡು ಜಾತಿ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ಮುಡಿ ಕೊಟ್ಟಾಗ ಬರುವ ಕೂದಲು ಮೊದಲ ಜಾತಿಯದು. ಬುಡದಿಂದ ತುದಿಯವರೆಗೆ ಎಲ್ಲ ಎಳೆಯೂ ಒಂದೇ ದಿಕ್ಕಿಗಿರುತ್ತದೆ. ಮಾರುಕಟ್ಟೆಯಲ್ಲಿ ಇದಕ್ಕೆ ರೆಮಿ ಅನ್ನುತ್ತಾರೆ. ತಿರುಮಲ ತಿರುಪತಿ ದೇವಸ್ಥಾನದವರು 2011ರಿಂದ ಇದನ್ನು ಇಂಟರ್ನೆಟ್ಟಿನ ಹರಾಜಿನಲ್ಲಿ ಮಾರತೊಡಗಿದರು, ಕೋಟಿಗಟ್ಟಲೆ ರೂಪಾಯಿ ಬಂತು. ನಮ್ಮ ಭಾಗ್ಯನಗರಕ್ಕೆ ಬರುವುದು ಎರಡನೆಯ ಜಾತಿ, ಹಣಿಗೆಯ ಕೂದಲು. ಕೂದಲಿನ ಮೈಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುತ್ತವೆ. ಹಣಿಗೆಯ ಕೂದಲಿನಲ್ಲಿ ಬುಡ ಯಾವುದು ತುದಿ ಯಾವುದು ಅಂತಿಲ್ಲದೆ ಎಲ್ಲ ಕಲಸಿಹೋಗಿರುವುದರಿಂದ ಹುರುಪೆಗೆ ಹುರುಪೆ ಸಿಕ್ಕಿಕೊಂಡು ಮತ್ತೆ ಮತ್ತೆ ಗಂಟಾಗುತ್ತದೆ. ಅದಕ್ಕೇ ಮುಂದೆ ಕಾರ್ಖಾನೆಗಳಲ್ಲಿ, ಹೆಚ್ಚಾಗಿ ಚೀನಾದಲ್ಲಿ, ಅದನ್ನು ಆಸಿಡ್ಡಿನಲ್ಲಿ ಅದ್ದಿ ಹುರುಪೆ ತೆಗೆದು ಸಿಲಿಕೋನ್ ಸವರುತ್ತಾರೆ. ಆಮೇಲೆ ಗಿರಾಕಿ ಕೇಳಿದ ಹಾಗೆ ನೇರ ಇರಲಿ ಅಂದರೆ ನೇರ, ಅಲೆ ಇರಲಿ ಅಂದರೆ ಅಲೆ, ಗುಂಗುರು ಬೇಕೆಂದರೆ ಕೋಲಿಗೆ ಸುತ್ತಿ ಹಬೆಯಲ್ಲಿಟ್ಟು ಗುಂಗುರು.

ರಜೆಗೆ ಹೋದಾಗಲೊಮ್ಮೆ ನಮ್ಮ ಅತ್ತಿಗೆಯನ್ನು ಕೇಳಿದ್ದೆ: "ಅತ್ತಿಗಿ, ಇದ್ರಾಗ ಗುಂಗರ ಕೂದ್ಲಾ ಬಂದ್ರ ಏನ್ ಮಾಡ್ತೀರಿ?" ಆಕೆ ಕೈಯೊಳಗಿನ ಎಳೆಯನ್ನು ಬಿಡದೆ, ತಲೆ ಎತ್ತದೆ ಹೇಳಿದಳು: "ಸಿಕ್ಕ ಬಿಡಸೂದು ನಮ್ಮ ಕೆಲಸ. ಗುಂಗರಾ ಬಿಡಸಾಕ ನಾವೇನ್ ದೇವ್ರ?" ಸಿಕ್ಕು ಬೇರೆ, ಗುಂಗುರು ಬೇರೆ. ದಿನವಿಡೀ ಕೂದಲು ಮುಟ್ಟುವವರಿಗೆ ಗೊತ್ತಿರುವ ಈ ಸರಳ ಸಂಗತಿ ಮಿಕ್ಕ ಲೋಕಕ್ಕೆ ಯಾಕೆ ಗೊತ್ತಾಗಲಿಲ್ಲ ಎಂಬುದೇ ಈ ಬರಹದ ವಿಷಯ.

ಹೈದರಾಬಾದಿಗೆ ಬಂದ ಹೊಸದರಲ್ಲಿ ನನಗೆ ಕೂದಲಿಂದ ಗೌರವವೇ ಸಿಕ್ಕಿತು. ಮೇಲಿನ ಮನೆಯ ತೆಲುಗಿನವರು "ಉಂಗರಾಲ ಜುಟ್ಟು" ಅಂದರು. ಉಂಗುರಗಳ ಕೂದಲು! ಪಕ್ಕದ ಮನೆಯ ದಖ್ಖನಿ ಮಾತಿನ ಹಿರಿಯಾಕೆ "ಕ್ಯಾ ಘುಂಗರಾಲೆ ಬಾಲಾಂ ಹೈಂ ಅಮ್ಮಾ" ಅಂತ ಗದ್ದ ಹಿಡಿದು ಹೇಳಿದರು. ಕನ್ನಡದ ಗುಂಗುರು, ತೆಲುಗಿನ ಉಂಗರಾಲು, ದಖ್ಖನಿಯ ಘುಂಗರಾಲೆ. ಮೂರು ಭಾಷೆಯಲ್ಲೂ ಕಿವಿಗೆ ಇಂಪಾದ ಮಾತುಗಳು, ಒಂದರಲ್ಲೂ ಬೈಗುಳದ ವಾಸನೆ ಇಲ್ಲ. ಇಂಥ ಭಾಷೆಗಳ ಊರಿನಲ್ಲಿ, ಕೆಲವೇ ವರ್ಷಗಳಲ್ಲಿ, ಪಾರ್ಲರಿನ ಹುಡುಗಿಯೊಬ್ಬಳು ನನ್ನ ತಲೆಗೆ ಬೆರಳಿಟ್ಟು "ಚಾಲಾ ರಫ್‌ಗಾ ಉಂದಿ ಮೇಡಂ" ಅಂದಾಗ ನನಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಉಂಗುರ ಹೋಗಿ ರಫ್ ಬಂದದ್ದು ಯಾವಾಗ?

ನಮ್ಮ ಹಳೆಯ ಕನ್ನಡವನ್ನು ಕೇಳಿ ನೋಡಿದರೆ ಅಲ್ಲಿ ಗುಂಗುರಿಗೆ ಮರ್ಯಾದೆಯೇ ಇದೆ. ಕುರುಳು ಅಂದರೆ ಸುರುಳಿಯಾದ ಕೂದಲು. ಹಣೆಯ ಮೇಲೆ ಬಿದ್ದರೆ ಮುಂಗುರುಳು. ಮುಂಗುರುಳಿಲ್ಲದ ನಾಯಕಿ ನಮ್ಮ ಕಾವ್ಯಗಳಲ್ಲಿ ಅಪರೂಪ. ನಮ್ಮ ನಾಡಿಗೇ ಹಿಂದೆ ಕುಂತಲ ಎಂಬ ಹೆಸರಿತ್ತು, ಕಲ್ಯಾಣದ ಚಾಳುಕ್ಯರು ಕುಂತಲದ ಒಡೆಯರು ಅನ್ನಿಸಿಕೊಂಡರು. ಕುಂತಲ ಅಂದರೆ ಕೂದಲು ಎಂಬ ಅರ್ಥವೂ ಇದೆ. ಎರಡಕ್ಕೂ ಗಂಟು ಹಾಕಿ ನಾನು ವಾದ ಮಾಡಲು ಹೋಗುವುದಿಲ್ಲ, ಕೇಳಲು ಚೆನ್ನಾಗಿದೆ ಅಂತ ಹೇಳಿದೆ ಅಷ್ಟೆ. ಇನ್ನು ಶ್ರವಣಬೆಳಗೊಳಕ್ಕೆ ಹೋದವರು ಒಮ್ಮೆ ಕತ್ತೆತ್ತಿ ಗೊಮ್ಮಟನ ತಲೆಯನ್ನು ನೋಡಿ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ ಆ ಸುಮಾರು 58 ಅಡಿಯ ವಿಗ್ರಹದ ತಲೆಯ ತುಂಬ ಗುಂಗುರು ಸುತ್ತುಗಳು. ಕೂದಲನ್ನೇ ಕಿತ್ತು ಹಾಕುವ ಕೇಶಲೋಚದ ಧರ್ಮದಲ್ಲೂ ಶಿಲ್ಪಿಗೆ ಆ ಮಹಾಪುರುಷನಿಗೆ ತಕ್ಕದ್ದು ಅಂತ ಕಂಡದ್ದು ಗುಂಗುರೇ. ಬುದ್ಧನ ವಿಗ್ರಹದಲ್ಲೂ ಬಲಕ್ಕೆ ಸುತ್ತಿದ ಸುರುಳಿಗಳಿವೆ, ಅದು ಮಹಾಪುರುಷರ 32 ಲಕ್ಷಣಗಳ ಜೊತೆ ಸೇರಿಕೊಂಡ ಗುರುತು. ಇಷ್ಟೇಕೆ, ನಮ್ಮ ಕಾಲದಲ್ಲೇ ಪುಟ್ಟಪರ್ತಿಯ ಬಾಬಾರವರ ಫೋಟೋ ತೂಗುಹಾಕಿದ ಮನೆಗಳು ಕೊಪ್ಪಳದಲ್ಲೂ ಹೈದರಾಬಾದಿನಲ್ಲೂ ಎಷ್ಟಿಲ್ಲ? ದೇವರ ಕೋಣೆಯಲ್ಲಿ ಆ ಗುಂಗುರಿಗೆ ಹೂ ಏರಿಸಿ, ಪಡಸಾಲೆಗೆ ಬಂದು ಮಗಳ ಗುಂಗುರಿಗೆ ಬೈಯುವ ಮನೆಗಳನ್ನು ನಾನು ಕಂಡಿದ್ದೇನೆ.

ಹಾಗಾದರೆ ತಕರಾರು ಎಲ್ಲಿಂದ ಬಂತು? ನನಗೆ ಮೂರು ದಾರಿ ಕಾಣುತ್ತವೆ.

ಮೊದಲನೆಯದು ಬರೀ ಶ್ರಮ. "ನಿನ್ನ ತಲಿ ಬಾಚೂದಂದ್ರ ಕರಕಿ ಬಿದ್ದ ಹೊಲ ಹರಗಿದಂಗ ನೋಡವಾ" ಅಂತ ಅವ್ವ ಅನ್ನುತ್ತಿದ್ದಳು. ಅದರಲ್ಲಿ ತಿರಸ್ಕಾರ ಇರಲಿಲ್ಲ, ದಣಿವಿತ್ತು. ಹೊಲ, ನೀರು, ರೊಟ್ಟಿ ಎಲ್ಲ ಮುಗಿಸಿ ಮೂರು ಹೆಣ್ಣುಮಕ್ಕಳ ತಲೆ ಬಾಚಬೇಕಾದವಳ ದಣಿವು ಅದು. ಕೊಬ್ಬರಿ ಎಣ್ಣೆ ಸುರಿದು, ಬಿಗಿಯಾಗಿ ಹೆರಳು ಹಾಕಿದರೆ ಎಲ್ಲರ ಕೂದಲೂ ಒಂದೇ.

ಎರಡನೆಯದು ಬಿಚ್ಚಿದ ಕೂದಲಿನ ಭಯ. ಪಂಪನ ಕಾಲದಿಂದಲೂ ದ್ರೌಪದಿಯ ಬಿಚ್ಚುಮುಡಿ ಅಂದರೆ ಮುಂದೆ ಯುದ್ಧ ಕಾದಿದೆ ಅಂತಲೇ ಅರ್ಥ. ಬಯಲಾಟದಲ್ಲಿ ರಕ್ಕಸರ ತಲೆ ಕೆದರಿರುತ್ತದೆ. ಹೆಣ್ಣುಮಗಳ ಕೂದಲು ಕಟ್ಟಿದ್ದರೆ ಮನೆ ನೆಟ್ಟಗಿದೆ, ಬಿಚ್ಚಿದ್ದರೆ ಸೂತಕವೋ ಜಗಳವೋ ದೆವ್ವವೋ ಇದೆ. ಗುಂಗುರಿನ ಕಷ್ಟ ಏನೆಂದರೆ, ಕಟ್ಟಿದರೂ ಅದು ಕಟ್ಟಿದ ಹಾಗೆ ಕಾಣುವುದಿಲ್ಲ. ಒಂದೆರಡು ಎಳೆ ಹೊರಗೆ ಬಂದೇ ಬರುತ್ತವೆ. ಶಾಲೆಗಳು ಈ ಭಯಕ್ಕೆ ಶಿಸ್ತು ಎಂಬ ಹೆಸರಿಟ್ಟವು. ನನ್ನ ಮಗಳು ಮೂರನೇ ಇಯತ್ತೆಯಲ್ಲಿದ್ದಾಗ ಅವಳ ಡೈರಿಯಲ್ಲಿ "ತಲೆ ನೀಟಾಗಿ ಬಾಚಿ ಕಳಿಸಿ" ಅಂತ ಕೆಂಪು ಶಾಯಿಯಲ್ಲಿ ಬರೆದು ಬಂತು. ಬಾಚಿಯೇ ಕಳಿಸಿದ್ದೆ. ಎರಡು ಜಡೆ, ಎರಡು ರಿಬ್ಬನ್ನು, ಎಂಟು ಪಿನ್ನು. ಮತ್ತೆರಡು ಸಲ ಅದೇ ಬರೆದಾಗ ಹೋಗಿ ಮಾತಾಡಿದೆ. "ನೀಟಾಗಿಯೇ ಇದೆ ಮೇಡಂ, ಗುಂಗುರು ಇದೆ ಅಷ್ಟೆ" ಅಂದೆ. ಅವರು ನಕ್ಕರು, ಆದರೆ ಡೈರಿಯಲ್ಲಿ ಬರೆಯುವುದನ್ನು ಬಿಡಲಿಲ್ಲ.

ಮೂರನೆಯದು ಮಾರುಕಟ್ಟೆ. 1991ರಲ್ಲಿ ಆರ್ಥಿಕತೆ ತೆರೆದುಕೊಂಡಿತು, ಮನೆಮನೆಗೆ ಕೇಬಲ್ ಟಿವಿ ಬಂತು, 1994ರಲ್ಲಿ ಒಂದೇ ವರ್ಷ ಸುಶ್ಮಿತಾ ಸೇನ್ ಭುವನಸುಂದರಿ, ಐಶ್ವರ್ಯಾ ರೈ ವಿಶ್ವಸುಂದರಿ ಆದರು. ಶಾಂಪೂ ಜಾಹೀರಾತುಗಳಲ್ಲಿ ಕೂದಲು ಅಂದರೆ ಪರದೆಯ ಹಾಗೆ ಇಳಿಯುವ, ಹಣಿಗೆ ತಾನೇ ಜಾರಿ ಬೀಳುವ ವಸ್ತುವಾಯಿತು. 2000ದ ದಶಕದಲ್ಲಿ ಅಮೀರ್‌ಪೇಟೆಯ ಪಾರ್ಲರುಗಳಲ್ಲಿ ರಿಬಾಂಡಿಂಗ್ ಎಂಬ ಬೋರ್ಡು ಎದ್ದಿತು. ಅಲ್ಲಿಯವರೆಗೆ ಗುಂಗುರು ಕಷ್ಟದ ಕೂದಲಾಗಿತ್ತು. ಈಗ ಅದು ಕೆಟ್ಟ ಕೂದಲಾಯಿತು. ಕಷ್ಟಕ್ಕೆ ಎಣ್ಣೆ ಸಾಕಿತ್ತು, ಕೆಟ್ಟದ್ದಕ್ಕೆ ಚಿಕಿತ್ಸೆ ಬೇಕಾಯಿತು. ಚಿಕಿತ್ಸೆಗೆ ದುಡ್ಡು.

ಆ ಚಿಕಿತ್ಸೆ ಏನು ಮಾಡುತ್ತದೆ ನೋಡಿ. ಕೂದಲು ಕೆರಟಿನ್ ಎಂಬ ಪ್ರೋಟೀನು. ಅದರೊಳಗೆ ಗಂಧಕದ ಕೊಂಡಿಗಳಿವೆ. ರಾಸಾಯನಿಕ ಹಚ್ಚಿ ಆ ಕೊಂಡಿ ಬಿಡಿಸುತ್ತಾರೆ, ಕಾದ ಇಸ್ತ್ರಿಯಿಂದ ಎಳೆದು ನೇರ ಮಾಡುತ್ತಾರೆ, ಇನ್ನೊಂದು ರಾಸಾಯನಿಕ ಹಚ್ಚಿ ನೇರ ಇದ್ದಾಗಲೇ ಕೊಂಡಿ ಮತ್ತೆ ಕೂಡಿಸುತ್ತಾರೆ. ಆದರೆ ಗುಂಗುರು ಹುಟ್ಟುವುದು ಕೂದಲಿನಲ್ಲಲ್ಲ, ಚರ್ಮದೊಳಗಿನ ಬೇರಿನ ಗುಣಿಯಲ್ಲಿ. ಆ ಗುಣಿ ಬಾಗಿದ್ದರೆ ಬರುವ ಎಳೆಯೂ ಬಾಗಿಯೇ ಬರುತ್ತದೆ. ಪಾರ್ಲರು ಸತ್ತ ಎಳೆಯನ್ನು ತಿದ್ದಬಹುದು, ಬೇರನ್ನಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹಳೆಯ ಹಠ ಮತ್ತೆ ಬೆಳೆದು ಬರುತ್ತದೆ. ಇದರ ವಿರುದ್ಧ ದಿಕ್ಕಿನ ಕೆಲಸವೂ ನಡೆದಿದೆ. 1906ರಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕ ಲಂಡನ್ನಿನಲ್ಲಿ ನೇರ ಕೂದಲಿನ ಹೆಂಗಸರಿಗೆ ಗುಂಗುರು ಮಾಡುವ ಯಂತ್ರವನ್ನು ತೋರಿಸಿದ. ತೂಕದ ಹಿತ್ತಾಳೆ ಉರುಳೆಗಳನ್ನು ತಲೆಗೆ ತೂಗುಹಾಕಿಕೊಂಡು ಗಂಟೆಗಟ್ಟಲೆ ಕೂರಬೇಕಿತ್ತು. ಅಂದರೆ ಇದ್ದವರಿಗೆ ಇಲ್ಲದ್ದರ ಆಸೆ ಎಲ್ಲ ಕಡೆಯೂ ಇದೆ. ಆದರೆ ಎಲ್ಲ ಆಸೆಗಳೂ ಸಮಾನವಲ್ಲ. ಇದು ನನಗೆ ತಿಳಿದದ್ದು ಎ.ಸಿ. ಗಾರ್ಡ್ಸ್‌ನಲ್ಲಿ.

ಮಾಸಬ್ ಟ್ಯಾಂಕಿನ ಪಕ್ಕದ ಈ ಬಡಾವಣೆಯ ಹೆಸರು ಕೇಳಿದವರು ಏರ್ ಕಂಡೀಷನ್ ಅಂತ ನಗುತ್ತಾರೆ. ಎ.ಸಿ. ಅಂದರೆ ಆಫ್ರಿಕನ್ ಕ್ಯಾವಲ್ರಿ. ನಿಜಾಮರ ಸೈನ್ಯದಲ್ಲಿ ಆಫ್ರಿಕಾ ಮೂಲದ ಕುದುರೆ ಸವಾರರ ಪಡೆ ಇತ್ತು, ಅವರ ವಸತಿ ಇಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಆ ಪಡೆ ವಿಸರ್ಜನೆಯಾಯಿತು, ಕುಟುಂಬಗಳು ಅಲ್ಲೇ ಉಳಿದವು. ಮದುವೆ ಮೆರವಣಿಗೆಯಲ್ಲಿ ಬಾರಿಸುವ ಮರ್ಫಾ ವಾದ್ಯದಲ್ಲಿ ಅವರದೂ ಕೈ ಇದೆ. ದಖ್ಖನ್ನಿಗೆ ಆಫ್ರಿಕಾದವರು ಹೊಸಬರಲ್ಲ. ಅಹಮದ್‌ನಗರದ ಮಲಿಕ್ ಅಂಬರ್ ಗುಲಾಮನಾಗಿ ಬಂದು ರಾಜ್ಯವನ್ನೇ ಆಳಿದವನು, 1626ರಲ್ಲಿ ತೀರಿಕೊಂಡ. ನಮ್ಮ ವಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಇವರಿಬ್ಬರ ಚಿತ್ರಗಳೂ ಉಳಿದಿವೆ. ಆ ಚಿತ್ರಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅವರ ರುಮಾಲು. ದಖ್ಖನ್ನಿನಲ್ಲಿ ಅಧಿಕಾರಕ್ಕೆ ರುಮಾಲಿನ ಗೌರವವಿತ್ತು, ಒಳಗಿನ ಕೂದಲು ಎಂಥದ್ದು ಅಂತ ಯಾರೂ ಕೇಳುವಂತಿರಲಿಲ್ಲ. ಅಧಿಕಾರ ಹೋದ ಮೇಲೆ ರುಮಾಲು ಇಳಿಯಿತು, ಕೂದಲು ಮಾತಿಗೆ ಸಿಕ್ಕಿತು.

ಎ.ಸಿ. ಗಾರ್ಡ್ಸ್‌ನ ಒಬ್ಬ ಹೆಣ್ಣುಮಗಳು ನನಗೆ ರವಿಕೆ ಹೊಲಿದು ಕೊಡುತ್ತಿದ್ದರು. ಗುಂಗುರು ಕೂದಲನ್ನು ನೋಡಿಕೊಳ್ಳುವುದನ್ನು ನಾನು ಕಲಿತದ್ದು ಅವರಿಂದ. ಒಣಗಿದಾಗ ಬಾಚಬೇಡ, ಒದ್ದೆ ಇರುವಾಗ ಬೆರಳಲ್ಲಿ ಬಿಡಿಸು, ತುದಿಯಿಂದ ಮೇಲಕ್ಕೆ ಹೋಗು, ಮಲಗುವಾಗ ಬಟ್ಟೆ ಕಟ್ಟಿಕೋ. ನಮ್ಮ ಅವ್ವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದಿನ ಮಗಳ ಡೈರಿಯ ಕತೆ ಹೇಳಿಕೊಂಡಾಗ ಅವರು ಮಿಷನ್ನು ನಿಲ್ಲಿಸಿ ಅಂದರು: "ತುಮಾರೆ ಬಾಲಾಂ ಕು ಲೋಗಾಂ ಬಾಲಾಂ ಬೋಲ್ತೇ. ಹಮಾರೆ ಬಾಲಾಂ ಕು ಅಫ್ರೀಕಾ ಬೋಲ್ತೇ." ನಿಮ್ಮ ಕೂದಲನ್ನು ಜನ ಕೂದಲು ಅಂತಾರೆ, ನಮ್ಮ ಕೂದಲನ್ನು ಆಫ್ರಿಕಾ ಅಂತಾರೆ. ನಾಲ್ಕು ತಲೆಮಾರಿನಿಂದ ಹೈದರಾಬಾದಿ ಮಾತಾಡುವ, ಆಫ್ರಿಕಾವನ್ನು ಕಣ್ಣಿಂದ ಕಾಣದ ಹೆಂಗಸು ಹೇಳಿದ ಮಾತಿದು. ನನ್ನ ಗುಂಗುರು ಹೆಚ್ಚೆಂದರೆ ಅಶಿಸ್ತು ಅನ್ನಿಸಿಕೊಳ್ಳುತ್ತಿತ್ತು. ಅವರ ಗುಂಗುರು ಅವರ ಊರನ್ನೇ ಕಿತ್ತುಕೊಳ್ಳುತ್ತಿತ್ತು.

ಊರಿನಲ್ಲಿರುವ ನೀವು ಇದನ್ನು ಹೈದರಾಬಾದಿನ ಕತೆ ಅಂತ ಓದಬಾರದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನ ಅಂಚಿನಲ್ಲಿ ಸಿದ್ದಿಯರಿದ್ದಾರೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತತಿ ಇವರಲ್ಲಿದೆ. ಅವರು ಕನ್ನಡ, ಕೊಂಕಣಿ ಮಾತಾಡುವವರು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ವಿಧಾನ ಪರಿಷತ್ತಿಗೆ ಮೊದಲ ಸಿದ್ದಿ ಸದಸ್ಯರಾಗಿ ಶಾಂತಾರಾಮ ಸಿದ್ದಿ ನಾಮಕರಣಗೊಂಡದ್ದು 2020ರಲ್ಲಿ. ನಾವು ಹೈದರಾಬಾದಿಗೆ ಬಂದು ಕನ್ನಡದವರು ಅಂತ ಹೇಳಿಕೊಂಡರೆ ಜನ ನಂಬುತ್ತಾರೆ. ಸಿದ್ದಿ ಹುಡುಗನೊಬ್ಬ ಬೆಂಗಳೂರಿಗೇ ಹೋಗಿ ಕನ್ನಡದಲ್ಲೇ ಮಾತಾಡಿದರೂ "ಯಾವ ದೇಶ?" ಅಂತ ಕೇಳಿಸಿಕೊಳ್ಳಬೇಕು. ಊರಲ್ಲಿದ್ದೂ ಪರದೇಶಿಯಾಗುವುದು ಅಂದರೆ ಇದು.

ಇನ್ನು ನಮ್ಮ ಭಾಗ್ಯನಗರದಲ್ಲಿ ಸಿಕ್ಕು ಬಿಡಿಸಿದ ಕೂದಲು ಎಲ್ಲಿಗೆ ಹೋಗುತ್ತದೆ? ಚೀನಾದ ಕಾರ್ಖಾನೆ ದಾಟಿ ವಿಗ್ಗುಗಳಾಗಿ, ಜೋಡಣೆಯ ಜಡೆಗಳಾಗಿ ಲೋಕವೆಲ್ಲ ಸುತ್ತುತ್ತದೆ. ಅದರ ದೊಡ್ಡ ಗಿರಾಕಿಗಳಲ್ಲಿ ಅಮೆರಿಕದ ಕರಿಯ ಹೆಂಗಸರೂ ಆಫ್ರಿಕಾದ ಹೆಂಗಸರೂ ಇದ್ದಾರೆ. ಆ ಕೊನೆಯಲ್ಲಿ ಕೂದಲಿನ ಚರಿತ್ರೆ ಬಹಳ ಕಹಿಯಾದದ್ದು. 1786ರಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಯಿಸಿಯಾನಾದ ಗವರ್ನರ್ ಮಿರೋ, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಹೆಂಗಸರು ಸಿಂಗರಿಸಿದ ಕೂದಲನ್ನು ತೋರಿಸಬಾರದು, ಬಟ್ಟೆ ಕಟ್ಟಿಕೊಳ್ಳಬೇಕು ಅಂತ ಆಜ್ಞೆ ಹೊರಡಿಸಿದ. ಅವರು ಬಣ್ಣಬಣ್ಣದ ಬಟ್ಟೆ ತಂದು ಚೆಂದವಾಗಿ ಸುತ್ತಿ, ಶಿಕ್ಷೆಯನ್ನೇ ಸಿಂಗಾರ ಮಾಡಿಕೊಂಡರು. ದಖ್ಖನ್ನಿನಲ್ಲಿ ಮರ್ಯಾದೆಯ ಗುರುತಾಗಿದ್ದ ರುಮಾಲು ಅಲ್ಲಿ ಕೀಳು ಎಂಬ ಗುರುತಾಗಿ ಬಂದದ್ದನ್ನು ನೋಡಿ. ದಕ್ಷಿಣ ಆಫ್ರಿಕಾದಲ್ಲಿ 1950ರ ಜನಾಂಗ ನೋಂದಣಿ ಕಾಯ್ದೆಯ ಕಾಲದಲ್ಲಿ ಪೆನ್ಸಿಲ್ ಪರೀಕ್ಷೆ ಎಂಬುದೊಂದಿತ್ತು. ಸಂಶಯವಿದ್ದವರ ಕೂದಲಿನಲ್ಲಿ ಪೆನ್ಸಿಲ್ ಸಿಕ್ಕಿಸುವುದು, ಕೆಳಗೆ ಬಿದ್ದರೆ ಒಂದು ಜಾತಿ, ನಿಂತರೆ ಇನ್ನೊಂದು. ಒಂದೇ ಮನೆಯ ಮಕ್ಕಳು ಹೀಗೆ ಬೇರೆ ಬೇರೆ ಜನಾಂಗದವರಾಗಿ ಹಂಚಿಹೋಗಬಹುದಿತ್ತು. ಕೂದಲಿನ ಸುತ್ತಿನ ಮೇಲೆ ಶಾಲೆ, ಮನೆ, ಮದುವೆ ನಿಂತಿದ್ದ ಕಾಲ ಅದು.

ಇಂಥಲ್ಲಿ ಕೂದಲು ನೇರ ಮಾಡಿಕೊಳ್ಳುವುದು ಬರೀ ಶೋಕಿ ಅಂತ ಯಾರು ಹೇಳಬಲ್ಲರು? ಮೇಡಂ ಸಿ. ಜೆ. ವಾಕರ್ ಅಂತ ಹೆಸರಾದ ಹೆಂಗಸು 1867ರಲ್ಲಿ ಹುಟ್ಟಿದವಳು. ತಂದೆತಾಯಿ ಗುಲಾಮರಾಗಿದ್ದವರು. ಬಟ್ಟೆ ಒಗೆದು ಬದುಕುತ್ತಿದ್ದಳು, ತಲೆಗೂದಲು ಉದುರತೊಡಗಿತ್ತು. ಕರಿಯ ಹೆಂಗಸರ ಕೂದಲಿಗೆ ಮುಲಾಮು ಮಾಡಿ ಮಾರಿ, ಸಾವಿರಾರು ಹೆಂಗಸರಿಗೆ ಕೆಲಸ ಕೊಟ್ಟು, 1919ರಲ್ಲಿ ದೊಡ್ಡ ಶ್ರೀಮಂತೆಯಾಗಿ ತೀರಿಕೊಂಡಳು. ಆಕೆ ಕೂದಲು ನೇರ ಮಾಡುವವಳು ಎಂಬ ಮಾತನ್ನು ಒಪ್ಪುತ್ತಿರಲಿಲ್ಲ, ಬುಡ ಗಟ್ಟಿ ಮಾಡುವವಳು ಅನ್ನುತ್ತಿದ್ದಳು. ಕಾದ ಹಣಿಗೆ ಮಾತ್ರ ಆಕೆಯ ಪದ್ಧತಿಯಲ್ಲೂ ಇತ್ತು. ಗಂಡಸರೂ ಹಿಂದೆ ಬಿದ್ದಿರಲಿಲ್ಲ. ಮಾಲ್ಕಂ ಎಕ್ಸ್ 1965ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ, ಹರೆಯದಲ್ಲಿ ಕಾಸ್ಟಿಕ್ ಕ್ಷಾರವನ್ನು ಆಲೂಗಡ್ಡೆ, ಮೊಟ್ಟೆಯ ಜೊತೆ ಕಲಸಿ ತಲೆಗೆ ಹಚ್ಚಿಕೊಂಡು ಉರಿ ತಾಳಿಕೊಂಡದ್ದನ್ನು ಬರೆದಿದ್ದಾನೆ. 1960ರ ದಶಕದ ಕೊನೆಗೆ ಅಲ್ಲಿನ ಹುಡುಗ ಹುಡುಗಿಯರು ಕೂದಲನ್ನು ಇದ್ದ ಹಾಗೇ ದುಂಡಗೆ ಬೆಳೆಸಿ ಬೀದಿಗಿಳಿದರು. ಅದು ಆಫ್ರೋ. ಸರಿಸುಮಾರು ಅದೇ ದಶಕದಲ್ಲಿ ಅಮೆರಿಕ ಸರ್ಕಾರ ಕಮ್ಯುನಿಸ್ಟ್ ಚೀನಾದ ಕೂದಲನ್ನು ನಿಷೇಧಿಸಿತ್ತು, ವಿಗ್ಗಿನ ವ್ಯಾಪಾರ ಭಾರತದ ಕಡೆ ತಿರುಗಿತ್ತು. ಕ್ರಿಸ್ ರಾಕ್ ಎಂಬ ಹಾಸ್ಯಗಾರನ 2009ರ ಸಾಕ್ಷ್ಯಚಿತ್ರ ನಮ್ಮ ಕಡೆಯ ದೇವಸ್ಥಾನದ ಮುಡಿಯನ್ನೂ ಅಮೆರಿಕದ ಸಲೂನನ್ನೂ ಒಂದೇ ದಾರದಲ್ಲಿ ಕೋದು ತೋರಿಸಿತು.

ಈ ಚರಿತ್ರೆ ಇನ್ನೂ ಮುಗಿದಿಲ್ಲ. ಕೆಲಸದಲ್ಲೂ ಶಾಲೆಯಲ್ಲೂ ಕೂದಲಿನ ಗುಣ ನೋಡಿ ಭೇದ ಮಾಡಬಾರದು ಎಂಬ ಕ್ರೌನ್ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ ಮೊದಲು ಮಾಡಿದ್ದು 2019ರಲ್ಲಿ, ಆಮೇಲೆ ಬೇರೆ ರಾಜ್ಯಗಳೂ ಮಾಡಿದವು. 2022ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ವರದಿ ಬಂತು. ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 1.64, ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸುವವರಲ್ಲಿ ಶೇ. 4.05. ಅದೇ ಕಾರಣ ಅಂತ ಇಷ್ಟರಿಂದಲೇ ಸಿದ್ಧವಾಗುವುದಿಲ್ಲ. ಆದರೆ ತಾಯಂದಿರು ಒಮ್ಮೆ ಕೇಳಿಸಿಕೊಳ್ಳಬೇಕಾದ ಸಂಖ್ಯೆಗಳಂತೂ ಹೌದು.

ಮಗಳ ಕತೆ ಹೇಳಿಬಿಡುತ್ತೇನೆ. 2018ರಲ್ಲಿ ಕಾಲೇಜಿಗೆ ಕಂಪನಿಗಳು ಬರುವ ಮೊದಲು ಅವಳು ರಿಬಾಂಡಿಂಗ್ ಮಾಡಿಸಿಕೊಂಡಳು. "ಅಮ್ಮಾ, ಇಂಟರ್‌ವ್ಯೂನಲ್ಲಿ ಅವರು ನನ್ನ ಉತ್ತರ ಕೇಳಬೇಕು, ಕೂದಲು ನೋಡ್ತಾ ಕೂರಬಾರದು" ಅಂದಳು. ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅವಳು ಹೇಳಿದ್ದು ಲೋಕದ ನಿಜ. ನಾನು ಹೇಳಿದ್ದು ಒಂದೇ ಮಾತು: ಮಾಡಿಸಿಕೋ, ಆದರೆ ಚೆನ್ನಾಗಿರಲಿಲ್ಲ ಅಂತ ಮಾಡಿಸಿಕೊಳ್ಳಬೇಡ. ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ, 2020ರ ಲಾಕ್‌ಡೌನಿನಲ್ಲಿ, ಪಾರ್ಲರುಗಳೆಲ್ಲ ಮುಚ್ಚಿದಾಗ ಬುಡದಿಂದ ಗುಂಗುರು, ತುದಿಗೆ ನೇರ, ಎರಡು ಊರಿನ ಕೂದಲಾಯಿತು ಅವಳದು. ಅವಳೇ ಕತ್ತರಿ ತಗೊಂಡು ನೇರದ ಭಾಗ ಕತ್ತರಿಸಿಕೊಂಡಳು. ಈಗ ಗುಂಗುರು ಕೂದಲಿನವರಿಗೆಂದೇ ಬೇರೆ ಶಾಂಪೂ, ಬೇರೆ ಕ್ರೀಮು ಬಂದಿವೆ, ಬೆಲೆಯೂ ಜೋರು. ಮೊದಲು ಬಿಡಿಸಲು ದುಡ್ಡು, ಈಗ ಉಳಿಸಿಕೊಳ್ಳಲು ದುಡ್ಡು. ಎ.ಸಿ. ಗಾರ್ಡ್ಸ್‌ನ ಆ ತಾಯಿ ಪುಕ್ಕಟೆ ಹೇಳಿಕೊಟ್ಟದ್ದನ್ನೇ ಅಂಗಡಿಗಳು ಇಂಗ್ಲಿಷಿನಲ್ಲಿ ಮಾರುತ್ತಿವೆ.

ವಿಗ್ಗು ಹಾಕಿಕೊಳ್ಳುವವರನ್ನಾಗಲಿ, ನೇರ ಮಾಡಿಸಿಕೊಳ್ಳುವವರನ್ನಾಗಲಿ ಹೀಗಳೆಯಲು ನಾನು ಇಷ್ಟೆಲ್ಲ ಬರೆದಿಲ್ಲ. ಕ್ಯಾನ್ಸರಿನ ಔಷಧಿಯಿಂದ ಕೂದಲು ಕಳೆದುಕೊಂಡವರಿಗೆ ನಮ್ಮ ಊರಿನ ಕಟ್ಟು ಧೈರ್ಯ ಕೊಡುತ್ತದೆ. ನಮ್ಮ ಅತ್ತಿಗೆಯಂಥವರ ಮನೆಯ ಒಲೆ ಉರಿಯುವುದೂ ಅದರಿಂದಲೇ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿದಾಗ, ಈ ಕೆಲಸ ಇಲ್ಲೇ ಉಳಿಯಲಿ ಎಂಬ ಆಸೆ ನಮ್ಮ ಕಡೆಯವರಿಗಿತ್ತು. ಕೂದಲು ಬದಲಾಯಿಸಿಕೊಳ್ಳುವುದು ಮನುಷ್ಯರ ಹಳೆಯ ಖುಷಿ, ಅದು ಇರಲಿ. ಬದಲಾಯಿಸದಿದ್ದರೆ ಕೆಲಸವಿಲ್ಲ, ಶಾಲೆಯಲ್ಲಿ ಮರ್ಯಾದೆಯಿಲ್ಲ, ಸ್ವಂತ ಊರಿನಲ್ಲೇ ಊರಿಲ್ಲ ಎಂಬಲ್ಲಿಗೆ ಬಂದಾಗ ಮಾತ್ರ ಅದು ಖುಷಿಯಾಗಿ ಉಳಿಯುವುದಿಲ್ಲ.

ಸಿಕ್ಕು ಅಂದರೆ ಕೂದಲಿಗೆ ಆದದ್ದು. ಗುಂಗುರು ಅಂದರೆ ಕೂದಲೇ. ಲೂಯಿಸಿಯಾನಾದ ಗವರ್ನರಿನಿಂದ ಹಿಡಿದು ಡೈರಿಗೆ ಕೆಂಪು ಶಾಯಿ ಹಾಕುವ ಶಾಲೆಯವರೆಗೆ ಎಲ್ಲರೂ ಗುಂಗುರನ್ನು ಸಿಕ್ಕು ಅಂತಲೇ ತಿಳಿದರು, ಬಿಡಿಸಲು ಹೊರಟರು. ಬಿಡಿಸುವ ಕೆಲಸ ಬಲ್ಲವರು ಹಾಗೆ ತಿಳಿಯುವುದಿಲ್ಲ. ಮುಂದಿನ ಸಲ ನಿಮ್ಮ ಮನೆಯ ಹುಡುಗಿಯ ತಲೆಗೆ ಹಣಿಗೆ ಹಾಕುವಾಗ, ಅಥವಾ ಬಸ್ಸಿನಲ್ಲಿ ಯಲ್ಲಾಪುರದ ಸಿದ್ದಿ ಹುಡುಗನೊಬ್ಬ ಪಕ್ಕದಲ್ಲಿ ಕುಳಿತಾಗ, ಇಷ್ಟು ನೆನಪಿದ್ದರೆ ಸಾಕು. ಆ ಹುಡುಗನನ್ನು ಯಾವ ದೇಶ ಅಂತ ಕೇಳಬೇಡಿ. ಯಾವ ಊರು ಅಂತ ಕೇಳಿ, ಕನ್ನಡದಲ್ಲೇ ಹೇಳುತ್ತಾನೆ.